ಬ್ರೇಕ್ ಒತ್ತಿದರೆ ‘ಕೀಂ’ ಅನ್ನುತ್ತೆ: ಧೂಳಾ, ಪ್ಯಾಡಾ, ಡಿಸ್ಕಾ?

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮದು ಐದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 46,000 ಕಿ.ಮೀ. ಓಡಿದೆ. ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ತವರುಮನೆಗೆ, ಪುತ್ತೂರಿಗೆ ಹೋಗುತ್ತೇವೆ. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಮೊದಲ ಸಲ ಬ್ರೇಕ್ ಒತ್ತಿದಾಗ ‘ಖರ್ರ್’ ಅಂತ ಸದ್ದು ಬರುತ್ತದೆ, ಆಮೇಲೆ ಇರುವುದಿಲ್ಲ. ಈಗ ಮೂರು ವಾರದಿಂದ ಇನ್ನೊಂದು ಶುರುವಾಗಿದೆ. ನಿಧಾನಕ್ಕೆ ಹೋಗುವಾಗ ಹಗುರವಾಗಿ ಬ್ರೇಕ್ ಒತ್ತಿದರೆ ಮುಂದಿನ ಎಡಗಡೆಯಿಂದ ‘ಕೀಂ’ ಅನ್ನುತ್ತದೆ. ಜೋರಾಗಿ ಒತ್ತಿದರೆ ಇಲ್ಲ. ಸರ್ವಿಸ್ ಸೆಂಟರ್‌ನವರು ‘ಧೂಳು ಮೇಡಂ, ಕ್ಲೀನ್ ಮಾಡಿದ್ದೇವೆ’ ಅಂದರು. ನಾಲ್ಕೇ ದಿನಕ್ಕೆ ಮತ್ತೆ ಬಂತು. ಊರಿನ ಮೆಕ್ಯಾನಿಕ್ ಪ್ಯಾಡ್, ಡಿಸ್ಕ್ ಎರಡೂ ಹೊಸದು ಹಾಕಬೇಕು ಅನ್ನುತ್ತಾರೆ. ಪಕ್ಕದ ಮನೆಯವರು ‘ಸ್ವಲ್ಪ ಎಣ್ಣೆ ಸ್ಪ್ರೇ ಹೊಡೀರಿ, ಸುಮ್ನೆ ಆಗುತ್ತೆ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಪಕ್ಕದ ಮನೆಯವರ ಮಾತು ಖಂಡಿತ ಕೇಳಬೇಡಿ ಮೇಡಂ. ಮಿಕ್ಕಿದ್ದೆಲ್ಲ ಆಮೇಲೆ. ಬ್ರೇಕ್ ಕೆಲಸ ಮಾಡುವುದೇ ಪ್ಯಾಡು, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿದು ಉಜ್ಜುವುದರಿಂದ. ಅಲ್ಲಿಗೆ ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ, ನಿಜ. ಕಾರು ಮಾತ್ರ ನಿಲ್ಲುವುದಿಲ್ಲ. ಪ್ಯಾಡ್ ಒಂದು ಸಲ ಎಣ್ಣೆ ಕುಡಿದರೆ ಉಜ್ಜಿದರೂ ಹೋಗುವುದಿಲ್ಲ, ಎಸೆಯಬೇಕು. ಈಗಾಗಲೇ ಹೊಡೆದಿದ್ದರೆ ಕಾರನ್ನು ಮನೆ ಮುಂದೆಯೇ ಬಿಟ್ಟು ಮೆಕ್ಯಾನಿಕ್ಕನ್ನು ಕರೆಸಿ.

ಇನ್ನು ಉಳಿದ ಇಬ್ಬರು. ಒಬ್ಬರದು ಅರ್ಧ ಸರಿ, ಇನ್ನೊಬ್ಬರದೂ ಅರ್ಧ ಸರಿ ಅಂತ ನನಗನ್ನಿಸುತ್ತದೆ. ನಿಮ್ಮ ಪ್ರಶ್ನೆ ನನಗೆ ಇಷ್ಟವಾಯಿತು. ಯಾಕೆಂದರೆ ಸದ್ದು ‘ಯಾವಾಗ’ ಬರುತ್ತದೆ ಅಂತ ಬರೆದಿದ್ದೀರಿ. ಗ್ಯಾರೇಜಿಗೆ ಬರುವ ಹತ್ತರಲ್ಲಿ ಎಂಟು ಜನ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಾರೆ. ಒಬ್ಬರ ‘ಕೀಂ’ ಇನ್ನೊಬ್ಬರ ‘ಚೀಂ’. ಅದರಿಂದ ನಮಗೇನೂ ಗೊತ್ತಾಗುವುದಿಲ್ಲ. ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಸ್ಪೀಡು ಜಾಸ್ತಿಯಾದಂತೆ ಏರುತ್ತದೋ ಇಲ್ಲವೋ ಅಂತ ಹೇಳಿದರೆ, ಚಕ್ರ ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದ ಹಾಗೆ.

ನಿಮ್ಮ ಕಾರಲ್ಲಿ ಇರುವುದು ಒಂದು ಸದ್ದಲ್ಲ, ಎರಡು. ಎರಡಕ್ಕೂ ಸಂಬಂಧವಿಲ್ಲ.

ಬೆಳಗಿನ ‘ಖರ್ರ್’ ಬರೀ ತುಕ್ಕು. ಡಿಸ್ಕ್ ಎರಕದ ಕಬ್ಬಿಣದ್ದು, ಅದಕ್ಕೆ ಬಣ್ಣ ಹೊಡೆಯುವ ಹಾಗಿಲ್ಲ. ನಿಮ್ಮ ಕಡೆಯ ಮಳೆಯಲ್ಲಿ ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕ್ ಮೇಲೆ ಬೆಳಗಾಗುವಷ್ಟರಲ್ಲಿ ಕೆಮ್ಮಣ್ಣು ಬಳಿದ ಹಾಗೆ ತೆಳು ಪದರ ಕೂತಿರುತ್ತದೆ. ಕಾರು ತೊಳೆದು ಎರಡು ಗಂಟೆ ನಿಲ್ಲಿಸಿದರೂ ಅಷ್ಟೇ. ಮೂರು ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪ್ಯಾಡೇ ಅದನ್ನು ಕೆರೆದು ಹಾಕುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚು ಮಾಡಬೇಡಿ. ಮಂಗಳೂರು, ಉಡುಪಿ ಕಡೆ ಸಮುದ್ರದ ಉಪ್ಪುಗಾಳಿಗೆ ಇದು ಇನ್ನೂ ಜಾಸ್ತಿ. ಹದಿನೈದು ದಿನ ಓಡಿಸದೆ ಬಿಟ್ಟ ಕಾರಿನಲ್ಲಿ ಮಾತ್ರ ತುಕ್ಕು ಆಳಕ್ಕೆ ಇಳಿದು, ಡಿಸ್ಕ್ ಮೇಲೆ ಪ್ಯಾಡಿನ ಅಚ್ಚು ಮೂಡಿರುತ್ತದೆ. ಆಗ ಸುಮಾರು ದೂರ ‘ಗರ್ ಗರ್’ ಅನ್ನುತ್ತದೆ.

ಮಳೆಗಾಲದ್ದೇ ಇನ್ನೊಂದು ಮಾತು. ನಿಮ್ಮಂಥ ಹ್ಯಾಚ್‌ಬ್ಯಾಕುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಒದ್ದೆ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ಬಿಟ್ಟರೆ ಹಿಂದಿನ ಲೈನರು, ಅಂದರೆ ಡ್ರಮ್ಮನ್ನು ಒಳಗಿನಿಂದ ಉಜ್ಜುವ ಪಟ್ಟಿ, ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಕಾರು ಹೊರಟಾಗ ಹಿಂದಿನಿಂದ ‘ಟಕ್’ ಅಂತ ಕಿತ್ತುಕೊಂಡ ಸದ್ದು ಬರುತ್ತದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬೇಡ. ಫಸ್ಟ್ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಾಕು. ಬೆಳಿಗ್ಗೆ ಕಲ್ಲು ತೆಗೆಯುವುದನ್ನು ಮರೆಯಬೇಡಿ, ಅದರ ಸದ್ದು ಬೇರೆ ಥರ ಇರುತ್ತದೆ!

ಈಗ ಅಸಲಿ ವಿಷಯ, ಆ ‘ಕೀಂ’.

ನೀವು ಶಿಕ್ಷಕಿ ಅಲ್ವಾ, ನಿಮಗೆ ಇದನ್ನು ಹೇಳುವುದು ಸುಲಭ. ಹೊಸ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಬೋರ್ಡಿನ ಮೇಲೆ ಎಳೆದರೆ ಕಿರುಚುತ್ತದೆ. ಇಡೀ ಕ್ಲಾಸು ಕಿವಿ ಮುಚ್ಚಿಕೊಳ್ಳುತ್ತದೆ. ಆಗ ನೀವೇನು ಮಾಡುತ್ತೀರಿ? ಸುಣ್ಣವನ್ನು ಅರ್ಧಕ್ಕೆ ಮುರಿಯುತ್ತೀರಿ, ಇಲ್ಲವೇ ಸ್ವಲ್ಪ ಓರೆ ಹಿಡಿಯುತ್ತೀರಿ, ಇಲ್ಲವೇ ಒತ್ತಿ ಬರೆಯುತ್ತೀರಿ. ಸುಣ್ಣ ಬೋರ್ಡನ್ನು ಒಂದು ಕ್ಷಣ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ಆದಾಗ ನಮಗೆ ಕೇಳುವುದು ಕಿರುಚು. ಬ್ರೇಕಿನಲ್ಲೂ ಇದೇ ಕಥೆ. ಪ್ಯಾಡು ಸೀಮೆಸುಣ್ಣ, ಡಿಸ್ಕು ಬೋರ್ಡು. ಜೋರಾಗಿ ಒತ್ತಿದರೆ ಪ್ಯಾಡು ಅದುರಲು ಜಾಗವಿಲ್ಲದೆ ಸುಮ್ಮನಾಗುತ್ತದೆ. ಹಗುರವಾಗಿ ಒತ್ತಿದಾಗ ಮಾತ್ರ ಕಿರುಚುತ್ತದೆ ಅಂತ ನೀವು ಬರೆದದ್ದು ಇದಕ್ಕೇ ಹೊಂದುತ್ತದೆ. ಇದು ಹೊಸ ತಲೆನೋವೂ ಅಲ್ಲ. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಕಾರಿನ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ, ಲೋಹಕ್ಕೆ ಲೋಹ ಉಜ್ಜುವ ಆ ಬ್ರೇಕಿನ ಕಿರುಚಾಟವೇ ಅದರ ದೊಡ್ಡ ತೊಂದರೆಯಾಗಿತ್ತು.

ಹಾಗಾದರೆ ಪ್ಯಾಡು ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಅದುರುತ್ತಿದೆ? ನಿಮ್ಮ ಕಾರಿನ ಮಟ್ಟಿಗೆ ನನಗೆ ಮೂರು ಅನುಮಾನ.

ಒಂದು, ಧೂಳು. ಪ್ಯಾಡಿನ ಪುಡಿ, ರಸ್ತೆಯ ಕೆಸರು ಸೇರಿ ಪ್ಯಾಡ್ ಕೂರುವ ಬ್ರಾಕೆಟ್ಟಿನಲ್ಲಿ ಗಟ್ಟಿಯಾಗುತ್ತದೆ. ಸರ್ವಿಸ್ ಸೆಂಟರ್‌ನವರು ಹೇಳಿದ್ದು ಸುಳ್ಳಲ್ಲ. ಆದರೆ ಬರೀ ಧೂಳಾಗಿದ್ದರೆ, ಸರಿಯಾಗಿ ಕ್ಲೀನ್ ಮಾಡಿದ ಮೇಲೆ ನಾಲ್ಕೇ ದಿನಕ್ಕೆ ವಾಪಸ್ ಬರಬಾರದು.

ಎರಡು, ಘಾಟಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮದು ತಿಂಗಳಿಗೆ ಎರಡು ಸಲದ ಇಳಿತ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಘಾಟಿಯ ಬುಡದ ಗುಂಡ್ಯ ಮುಟ್ಟುವಷ್ಟರಲ್ಲಿ ಸುಮಾರು 800 ಮೀಟರ್ ಇಳಿದಿರುತ್ತೀರಿ. ಜನ ಕೂತರೆ ನಿಮ್ಮ ಕಾರು ಒಂದು ಟನ್ ಅಂತ ಇಟ್ಟುಕೊಳ್ಳಿ. ಅಷ್ಟು ತೂಕ ಅಷ್ಟು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು 25 ಲೀಟರ್ ತಣ್ಣೀರನ್ನು ಕುದಿಸಬಹುದು. ಹೆಚ್ಚುಕಮ್ಮಿ ಒಂದು ಹಂಡೆ ನೀರು. ಆ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಸ್ವಲ್ಪ ಗಾಳಿಗೆ ಹೋಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ದೊಡ್ಡ ಪಾಲು ಎಂಜಿನ್ ತೆಗೆದುಕೊಳ್ಳುತ್ತದೆ. ನಾಲ್ಕನೇ ಗೇರಿನಲ್ಲೋ ನ್ಯೂಟ್ರಲ್ಲಿನಲ್ಲೋ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬಹುಪಾಲು ಆ ನಾಲ್ಕು ಚಕ್ರಗಳ ಬ್ರೇಕಿಗೆ, ಅದರಲ್ಲೂ ಮುಂದಿನ ಎರಡಕ್ಕೆ. ಅಷ್ಟು ಕಾದ ಪ್ಯಾಡಿನ ಮೇಲ್ಮೈ ಗಾಜಿನ ಹಾಗೆ ನುಣುಪಾಗಿ ಗಟ್ಟಿಯಾಗುತ್ತದೆ. ನಮ್ಮ ಹುಡುಗರು ಇದಕ್ಕೆ ‘ಗ್ಲೇಜ್ ಆಗಿದೆ’ ಅನ್ನುತ್ತಾರೆ. ಅಂಥ ಪ್ಯಾಡು ಹಿಡಿತ ಕಮ್ಮಿ, ಕಿರುಚಾಟ ಜಾಸ್ತಿ. ಎಮರಿ ಪೇಪರ್ ಹಾಕಿ ಉಜ್ಜಿದರೆ ಕೆಲವು ದಿನ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ನಿಮ್ಮ ‘ನಾಲ್ಕು ದಿನ’ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ.

ಮೂರನೆಯದು ಪ್ಯಾಡ್ ಸವೆದಿರುವುದು. 46,000 ಕಿ.ಮೀ., ಅದೂ ಘಾಟಿ ಓಡಾಟ, ಮೊದಲ ಪ್ಯಾಡೇ ಇನ್ನೂ ಇದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ ಅನ್ನಿ. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಬಂದರೆ, ಅಂದರೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟಾದರೆ, ಬದಲಾಯಿಸುವುದು ಒಳ್ಳೆಯದು. ತುಂಬಾ ಕಾರುಗಳ ಪ್ಯಾಡಿನಲ್ಲಿ ಸಣ್ಣದೊಂದು ಕಬ್ಬಿಣದ ನಾಲಿಗೆ ಇರುತ್ತದೆ, ವೇರ್ ಇಂಡಿಕೇಟರ್ ಅಂತ. ಪ್ಯಾಡ್ ಆ ಮಟ್ಟಕ್ಕೆ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಕಿರುಚಲೆಂದೇ ಇಟ್ಟದ್ದು ಅದು. ‘ಸದ್ದು ನಿಲ್ಲಿಸಿಕೊಡಪ್ಪಾ’ ಅಂದರೆ ಆ ನಾಲಿಗೆಯನ್ನು ಇಕ್ಕಳದಲ್ಲಿ ಬಗ್ಗಿಸಿ ಕಳಿಸುವವರೂ ಇದ್ದಾರೆ. ಅದಕ್ಕೇ ‘ಸದ್ದು ನಿಲ್ಲಿಸಿ’ ಅಂತ ಕೇಳಬೇಡಿ. ‘ಯಾಕೆ ಬರುತ್ತಿದೆ ನೋಡಿ’ ಅಂತ ಕೇಳಿ.

ಚಕ್ರದ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಪ್ಯಾಡು ಕಾಣುತ್ತದೆ ಅಂತ ನೀವು ಕೇಳಿರಬಹುದು. ಕಾಣುತ್ತದೆ, ಆದರೆ ಹೊರಗಿನದು ಮಾತ್ರ. ಒಂದು ಚಕ್ರಕ್ಕೆ ಎರಡು ಪ್ಯಾಡು, ಡಿಸ್ಕಿನ ಹೊರಗೊಂದು, ಒಳಗೊಂದು. ಕೆಲವು ತಿಂಗಳ ಹಿಂದೆ ನಮ್ಮಲ್ಲಿಗೆ ಒಂದು ಕಾರು ಬಂತು. ಯಜಮಾನರು ಟಾರ್ಚ್ ಬಿಟ್ಟು ತೋರಿಸಿದರು: ‘ನೋಡಿ, ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ.’ ಇತ್ತು ನಿಜ, 6 ಮಿ.ಮೀ. ಚಕ್ರ ಬಿಚ್ಚಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎತ್ತಿದೆವು. ಒಳಗಿನ ಪ್ಯಾಡಿನಲ್ಲಿ ಏನೂ ಉಳಿದಿರಲಿಲ್ಲ, ಹಿಂದಿನ ಕಬ್ಬಿಣದ ತಗಡೇ ಡಿಸ್ಕನ್ನು ಉಜ್ಜುತ್ತಿತ್ತು. ಡಿಸ್ಕಿನ ಒಳಮುಖ ನೇಗಿಲು ಹೊಡೆದ ಹೊಲದ ಹಾಗಿತ್ತು. ಹೊರಮುಖ ಕನ್ನಡಿ.

ಯಾಕೆ ಹಾಗಾಯಿತು ಅಂದರೆ, ಕ್ಯಾಲಿಪರ್ ಎರಡು ಗೈಡ್ ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆಗ ಇಡೀ ಕ್ಯಾಲಿಪರ್ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಜಾಮ್ ಆದರೆ ಜಾರುವುದು ನಿಲ್ಲುತ್ತದೆ. ಒಳಗಿನ ಪ್ಯಾಡೊಂದೇ ದುಡಿದು ದುಡಿದು ಸವೆಯುತ್ತದೆ. ಆ ಕಾರಿನ ಪಿನ್ನು ಕೈಯಲ್ಲಿ ಅಲ್ಲಾಡಲೇ ಇಲ್ಲ. ವೈಸಿಗೆ ಕಚ್ಚಿಸಿ ಪಾನಾ ಹಾಕಿ ತಿರುಗಿಸಬೇಕಾಯಿತು. ಹೊರಬಂದ ಗ್ರೀಸು ಹಳೇ ಜೋನಿಬೆಲ್ಲದ ಹಾಗೆ ಕಪ್ಪಗೆ, ಅಂಟಂಟಾಗಿ. ಯಾರೋ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ತುಂಬಿದ್ದರು. ಅದು ರಬ್ಬರನ್ನು ಉಬ್ಬಿಸುತ್ತದೆ, ಉಬ್ಬಿದ ರಬ್ಬರು ಪಿನ್ನನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಹಾಕಬೇಕಾದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್. ಬೇರೆಯವರನ್ನು ಅಂದು ಏನು ಪ್ರಯೋಜನ, ಕೆಲಸ ಕಲಿಯುವಾಗ ನಾನೂ ಇದೇ ತಪ್ಪು ಮಾಡಿ ಉಸ್ತಾದರ ಕೈಯಲ್ಲಿ ಬೈಸಿಕೊಂಡಿದ್ದೇನೆ.

ನಿಮ್ಮ ಸದ್ದು ಒಂದೇ ಕಡೆಯಿಂದ, ಮುಂದಿನ ಎಡಗಡೆಯಿಂದ ಬರುತ್ತಿರುವುದು ನನಗೆ ಈ ಪಿನ್ನಿನ ಅನುಮಾನವನ್ನೂ ಹುಟ್ಟಿಸುತ್ತದೆ. ನಮ್ಮ ರಸ್ತೆಗಳಲ್ಲಿ ಅಂಚಿನ ಕೆಸರುನೀರು ಜಾಸ್ತಿ ಕುಡಿಯುವುದೂ ಎಡಗಡೆ ಚಕ್ರವೇ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹತ್ತು ಹದಿನೈದು ಕಿಲೋಮೀಟರ್ ಆದಷ್ಟು ಬ್ರೇಕ್ ಕಮ್ಮಿ ಬಳಸಿ ಓಡಿಸಿ, ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಒಲೆಯ ಮುಂದೆ ಕೂತ ಹಾಗೆ ಬಿಸಿ ಬಡಿದು, ಇನ್ನೊಂದು ಕಡೆ ತಣ್ಣಗಿದ್ದರೆ ಬಿಸಿಯಾದ ಕಡೆ ಬ್ರೇಕ್ ಬಿಡುತ್ತಿಲ್ಲ ಅಂತ ಅರ್ಥ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದೆಯಾ ಅಂತಲೂ ಗಮನಿಸಿ. ಬಾನೆಟ್ ಎತ್ತಿ ಬ್ರೇಕ್ ಫ್ಲೂಯಿಡ್ ಡಬ್ಬಿಯನ್ನೂ ಒಮ್ಮೆ ನೋಡಿ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬರುತ್ತದೆ, ಡಬ್ಬಿಯ ಮಟ್ಟ ಇಳಿಯುತ್ತದೆ. ಅದು ‘ಮಿನ್’ ಗೆರೆಯ ಹತ್ತಿರ ಇದ್ದರೆ ಸುಮ್ನೆ ತುಂಬಿಸಬೇಡಿ. ಪ್ಯಾಡ್ ಸವೆದಿದೆಯೋ, ಎಲ್ಲಾದರೂ ಸೋರುತ್ತಿದೆಯೋ ಅಂತ ಮೊದಲು ನೋಡಿಸಿ.

ಈಗ ಡಿಸ್ಕ್ ವಿಚಾರ. ನಿಮ್ಮ ಮೆಕ್ಯಾನಿಕ್ ನೋಡಿ ಹೇಳಿದರೋ, ಅಭ್ಯಾಸಕ್ಕೆ ಹೇಳಿದರೋ ನನಗೆ ಗೊತ್ತಿಲ್ಲ. ಡಿಸ್ಕ್ ಬದಲಾಯಿಸಬೇಕೋ ಬೇಡವೋ ಅನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳಬಾರದು, ಅಳೆಯಬೇಕು. ಎಷ್ಟು ತೆಳುವಾಗುವವರೆಗೆ ಬಳಸಬಹುದು ಅಂತ ಎಷ್ಟೋ ಡಿಸ್ಕುಗಳ ಮೇಲೇ ಅಚ್ಚು ಹಾಕಿರುತ್ತಾರೆ, ಕಾರಿನ ಸರ್ವಿಸ್ ಪುಸ್ತಕದಲ್ಲೂ ಇರುತ್ತದೆ. ಮೈಕ್ರೋಮೀಟರ್ ಇಟ್ಟು ಅಳೆದು, ಅದಕ್ಕಿಂತ ದಪ್ಪ ಇದ್ದು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿಲ್ಲದಿದ್ದರೆ ಡಿಸ್ಕ್ ಹಾಗೇ ಇರಲಿ. ಗೀರುಗಳಿದ್ದೂ ದಪ್ಪ ಸಾಕಷ್ಟಿದ್ದರೆ ಲೇತ್‌ಗೆ ಕೊಟ್ಟು ಸ್ಕಿಮ್ಮಿಂಗ್, ಅಂದರೆ ಮೇಲ್ಮೈಯನ್ನು ತೆಳುವಾಗಿ ಕೆರೆದು ಸಮ ಮಾಡುವುದು, ಮಾಡಿಸಬಹುದು. ಸ್ಕಿಮ್ಮಿಂಗ್ ಆದ ಮೇಲೂ ಆ ಮಿತಿಗಿಂತ ದಪ್ಪ ಉಳಿಯಬೇಕು, ನೆನಪಿರಲಿ. ಬದಲಾಯಿಸುವುದಾದರೆ ಎಡ ಬಲ ಎರಡೂ ಒಟ್ಟಿಗೆ. ಪ್ಯಾಡೂ ಅಷ್ಟೇ, ಒಂದೇ ಕಡೆಗೆ ಹೊಸದು ಹಾಕಿಸಬೇಡಿ. ಕಾರು ಎಳೆಯುತ್ತದೆ.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತಿದ್ದರೆ, ಪೆಡಲ್ ಕಾಲಿನಡಿ ಮೇಲೆ ಕೆಳಗೆ ಆಡುತ್ತಿದ್ದರೆ ಆಗ ಡಿಸ್ಕ್ ಮೇಲೆ ಅನುಮಾನ ಪಡಬೇಕು. ನೀವು ಅದನ್ನು ಬರೆದಿಲ್ಲ.

ಬೇರೆಯವರೂ ಓದುತ್ತಾರೆ, ಹಾಗಾಗಿ ಮಿಕ್ಕ ಸದ್ದುಗಳನ್ನು ಬೇಗ ಹೇಳಿಬಿಡುತ್ತೇನೆ. ಮಣ್ಣು ರಸ್ತೆಯಲ್ಲಿ ಹೋಗಿ ಬಂದ ತಕ್ಷಣ, ಬ್ರೇಕ್ ಒತ್ತದಿದ್ದರೂ ‘ಕಿರ್ರ್’ ಅಂತ ಕಿವಿ ಹರಿಯುವ ಸದ್ದು ಬಂದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರುತ್ತದೆ. ಕಾಫಿ ತೋಟಗಳ ಕಡೆಯ ಕಾರುಗಳಲ್ಲಿ ಇದು ಮಾಮೂಲು. ನಿಧಾನಕ್ಕೆ ಸ್ವಲ್ಪ ರಿವರ್ಸ್ ಹೋದರೆ ಎಷ್ಟೋ ಸಲ ಉದುರುತ್ತದೆ. ಗಾಬರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ‘ಗರಗರ’ ಅಂತ ಕಾಲಿಗೆ ಒದ್ದರೆ ಅದು ಎಬಿಎಸ್, ಅಂದರೆ ಚಕ್ರ ಜಾಮ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ, ಕೆಟ್ಟದ್ದಲ್ಲ. ಹೆದರಿ ಕಾಲು ತೆಗೆಯಬೇಡಿ, ಇನ್ನೂ ಒತ್ತಿ ಹಿಡಿಯಿರಿ. ‘ಊಂ’ ಅಂತ ಸ್ಪೀಡಿನ ಜೊತೆ ಏರುವ, ಬ್ರೇಕ್ ಒತ್ತಿದರೂ ಬಿಟ್ಟರೂ ಬದಲಾಗದ, ತಿರುವಿನಲ್ಲಿ ಮಾತ್ರ ಬದಲಾಗುವ ಸದ್ದು ವೀಲ್ ಬೇರಿಂಗಿನದು. ಬ್ರೇಕ್ ಬಿಚ್ಚಿ ದುಡ್ಡು ಕಳೆಯಬೇಡಿ. ಮುಂದೆ ಹೋಗಿ ಬ್ರೇಕ್, ರಿವರ್ಸ್ ಬಂದು ಬ್ರೇಕ್, ಪ್ರತಿ ಸಲ ಒಂದು ‘ಟೊಕ್’ ಅಂದರೆ ಪ್ಯಾಡನ್ನು ಹಿಡಿದಿಡುವ ಕ್ಲಿಪ್ ಸಡಿಲವಾಗಿದೆ, ಇಲ್ಲವೇ ಕಳೆದ ಸಲ ಬಿಚ್ಚಿದವರು ಹಾಕಲು ಮರೆತಿದ್ದಾರೆ. ‘ಧುಪ್’ ಅಂತ ದಪ್ಪ ಸದ್ದಾದರೆ ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ಲೋಯರ್ ಆರ್ಮಿನ ರಬ್ಬರ್ ಬುಷ್ ನೋಡಿಸಿ. ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಕಾಲಿನ ಹತ್ತಿರ ‘ಸ್ಸ್ಸ್’ ಅಂತ ಗಾಳಿ ಎಳೆಯುತ್ತಿದ್ದರೆ, ಪೆಡಲೂ ಗಟ್ಟಿಯಾಗಿದ್ದರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರ್ ಲೀಕ್, ಅದನ್ನು ನಾಳೆಗೆ ಇಡಬೇಡಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಬ್ರೇಕ್ ಒತ್ತಿದಾಗಲೆಲ್ಲ, ಬೆಳಿಗ್ಗೆ ಮಾತ್ರವಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ‘ಗರ್ರ್’ ಬಂದರೆ ಪ್ಯಾಡ್ ಮುಗಿದಿದೆ. ಅಲ್ಲಿಂದ ಮುಂದೆ ಓಡಿಸಬೇಡಿ, ಎಳೆದುಕೊಂಡು ಹೋಗುವ ಗಾಡಿ ಕರೆಸಿ. ನಿಮ್ಮ ‘ಕೀಂ’ ಇದ್ದಕ್ಕಿದ್ದಂತೆ ನಿಂತು ಅದರ ಜಾಗಕ್ಕೆ ಈ ‘ಗರ್ರ್’ ಬಂದರೆ ‘ಸದ್ಯ, ಸರಿಹೋಯಿತು’ ಅಂದುಕೊಳ್ಳಬೇಡಿ.

ಹಾಗಾದರೆ ಈಗ ಏನು ಮಾಡಬೇಕು? ಘಾಟಿ ಇಳಿಯುವ ಮೊದಲು ತೋರಿಸಿ, ಪುತ್ತೂರಿಗೆ ಹೋಗಿ ಬಂದ ಮೇಲೆ ಅಲ್ಲ. ಯಾವ ಗ್ಯಾರೇಜ್ ಆದರೂ ಸರಿ. ಮುಂದಿನ ಎರಡೂ ಚಕ್ರ ಬಿಚ್ಚಿಸಿ, ಎದುರಿಗೆ ನಿಂತು ನೋಡಿ. ನಾಲ್ಕೂ ಪ್ಯಾಡುಗಳ ದಪ್ಪ ಮಿ.ಮೀ. ಲೆಕ್ಕದಲ್ಲಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ‘ಇನ್ನೂ ಓಡುತ್ತೆ ಮೇಡಂ’ ಅನ್ನುವುದು ಲೆಕ್ಕವಲ್ಲ. ಗೈಡ್ ಪಿನ್ನು ಕೈಯಲ್ಲಿ ಎಳೆದರೆ ಸಲೀಸಾಗಿ ಬರುತ್ತದಾ ಅಂತ ಕೇಳಿ. ಡಿಸ್ಕ್ ಹಾಕಲೇಬೇಕು ಅಂದರೆ ಅಳತೆ ತೋರಿಸಿ ಅನ್ನಿ. ಪ್ಯಾಡಿನ ಪುಡಿಯನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ, ನೀವು ಪಕ್ಕದಲ್ಲೇ ನಿಂತಿರುತ್ತೀರಿ. ಒದ್ದೆ ಬಟ್ಟೆಯಲ್ಲೋ ಬ್ರೇಕ್ ಕ್ಲೀನರ್ ಹಾಕಿಯೋ ಒರೆಸಲಿ. ಬ್ರೇಕ್ ಫ್ಲೂಯಿಡ್ ಬದಲಾಯಿಸಿ ಎರಡು ವರ್ಷ ದಾಟಿದ್ದರೆ ಅದನ್ನೂ ಮಾಡಿಸಿ. ಹೊಸ ಡಾಟ್ 3 (ಇದು ಬ್ರೇಕ್ ಫ್ಲೂಯಿಡಿನ ಒಂದು ದರ್ಜೆ) ಫ್ಲೂಯಿಡ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು ಅನ್ನುವುದು ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಘಾಟಿಯ ನಡುವೆ ಅದು ಆಗಬಾರದು.

ಹೊಸ ಪ್ಯಾಡ್ ಹಾಕಿಸಿದರೆ ನೇರ ಶಿರಾಡಿಗೆ ಇಳಿಸಬೇಡಿ. ಹಾಸನದ ಕಡೆಯ ಸಮತಟ್ಟು ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, 50ರಿಂದ 15ರ ಸ್ಪೀಡಿಗೆ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ಅರ್ಧ ನಿಮಿಷ ಬಿಟ್ಟು ಮತ್ತೆ. ಹೀಗೆ ಎಂಟು ಹತ್ತು ಸಲ. ಪ್ಯಾಡೂ ಡಿಸ್ಕೂ ಒಂದಕ್ಕೊಂದು ಒಗ್ಗಿಕೊಳ್ಳಬೇಕು. ಮೊದಲ ದಿನ ಸ್ವಲ್ಪ ಸುಟ್ಟ ವಾಸನೆ, ಅಲ್ಲೊಂದು ಇಲ್ಲೊಂದು ಸಣ್ಣ ಸದ್ದು ಬಂದರೆ ಪರವಾಗಿಲ್ಲ. 300 ಕಿ.ಮೀ. ಆದ ಮೇಲೂ ಕಿರುಚಿದರೆ ಹಾಕಿದವರ ಹತ್ತಿರವೇ ವಾಪಸ್ ತೆಗೆದುಕೊಂಡು ಹೋಗಿ, ಕ್ಲಿಪ್ಪು, ಪ್ಯಾಡಿನ ಬೆನ್ನಿಗೆ ಕೂರುವ ಶಿಮ್ಮು ಎರಡೂ ಹಾಕಿದ್ದಾರಾ ಅಂತ ಬಿಚ್ಚಿಸಿ ನೋಡಿ. ಆಮೇಲೆ ಘಾಟಿಗೆ ಇಳಿಯುವಾಗ, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.